ಕೊಡಗಿನಲ್ಲಿ ಬ್ಲಾಗಿಗರು ಒಂದೆಡೆ ಸೇರಿದರೆ

ಕೊಡಗಿನಲ್ಲಿ ಬರೆಯುವವರಿಗೆ ಕೊರತೆ ಇಲ್ಲ. ಒಬ್ಬರಿಗೊಬ್ಬರ ಪರಿಚಯ ಮಾತ್ರ ಇಲ್ಲ. ಸೋಮವಾರಪೇಟೆ ಕಡೆಯ ಒಬ್ಬರು ತಮ್ಮ ತೋಟಕ್ಕೆ ಬರುವ ಹಕ್ಕಿಗಳ ಬಗ್ಗೆ ವರ್ಷಗಟ್ಟಲೆ ಬರೆದಿರುತ್ತಾರೆ. ವಿರಾಜಪೇಟೆಯ ಒಬ್ಬ ಮೇಷ್ಟ್ರು ಹಳೇ ಊರುಗಳ ಕಥೆಯನ್ನು ಕೆದಕಿ ಕೆದಕಿ ಹಾಕಿರುತ್ತಾರೆ. ನಾಪೋಕ್ಲು ಕಡೆಯ ಹುಡುಗಿ ಅಜ್ಜಿಯ ಬಾಯಿಂದ ಕೇಳಿದ್ದನ್ನು ಕೊಡವರ ಮಾತಾದ ಕೊಡವ ತಕ್ಕ್‌ನಲ್ಲೂ ಕನ್ನಡದಲ್ಲೂ ಬರೆಯುತ್ತಾಳೆ. ಇವರ ಮಧ್ಯೆ ಇರೋದು ಬಸ್ಸಿನಲ್ಲಿ ಎರಡು ಮೂರು ಗಂಟೆಯ ದಾರಿ, ಅಷ್ಟೇ. ಆದರೂ ಇವರಿಗೆ ಓದುಗರು ಸಿಗೋದು ಬೆಂಗಳೂರಿನಲ್ಲಿ, ದುಬೈನಲ್ಲಿ. ಪಕ್ಕದ ಊರಿನವರಿಗೆ ಸುದ್ದಿಯೇ ಇರುವುದಿಲ್ಲ.

ತೋಟದ ಮನೆಗಳು ದೂರ ದೂರ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರ್ ಕೂಡ ಸತ್ತಹಾಗೆ. ಜಿಲ್ಲೆಗೆ ರೈಲು ಇಲ್ಲ. ಭಾಷೆಯೋ, ಮನೆಗೊಂದು. ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತುಳು, ಬ್ಯಾರಿ, ಯರವರ ನುಡಿ, ಕುರುಬರ ನುಡಿ. ಒಂದೇ ಸಂತೆಯಲ್ಲಿ ಇಷ್ಟೂ ಕಿವಿಗೆ ಬೀಳುತ್ತವೆ. ಇಂಥ ಜಾಗದಲ್ಲಿ ಒಂಟಿಯಾಗಿ ಕೂತು ಬರೆಯುವವರನ್ನು ಒಂದು ದಿನ ಒಂದು ಕೋಣೆಗೆ ತರಬೇಕು ಅನ್ನೋದು ನನಗೆ ಬಹಳ ದಿನದ ಆಸೆ. ನನ್ನ ಒಬ್ಬನದೇ ಅಲ್ಲ, ಇನ್ನೂ ಕೆಲವರದು. ಹಾಗಾಗಿ ನಾವು ಸೇರಿದೆವು. ಆ ದಿನದ ಬಗ್ಗೆ, ಅದು ನನಗೆ ಯಾಕಿಷ್ಟು ಮುಖ್ಯ ಅನ್ನೋದರ ಬಗ್ಗೆ ಈ ಬರಹ.

ನಾವು ಮಾಡಿದ್ದು ಅನ್‌ಕಾನ್ಫರೆನ್ಸ್ ಥರದ್ದು. ಕಾರ್ಯಕ್ರಮ ಪಟ್ಟಿ ಮೊದಲೇ ಅಚ್ಚಾಗಿರುವುದಿಲ್ಲ. ಭಾಷಣಕಾರರು ಬೇರೆ, ಕೇಳುವವರು ಬೇರೆ ಅಂತ ಇರುವುದಿಲ್ಲ. ಬೆಳಗ್ಗೆ ಬಂದವರು ತಾವು ಏನು ಮಾತಾಡಬೇಕು ಅಂದುಕೊಂಡಿದ್ದಾರೋ ಅದನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಅದೇ ಆ ದಿನದ ಪಟ್ಟಿ. ಇದರ ಹಿಂದಿನ ಕಥೆ ಕಾಫಿ ನಾಡಿನವರಾದ ನಮಗೆ ಹಿಡಿಸುವಂಥದ್ದು. ಅಮೆರಿಕದ ಹ್ಯಾರಿಸನ್ ಓವನ್ ಅನ್ನುವವರು 1983ರಲ್ಲಿ ಒಂದು ದೊಡ್ಡ ಸಮ್ಮೇಳನ ನಡೆಸಿದರು. ವರ್ಷವಿಡೀ ತಯಾರಿ. ಎಲ್ಲ ಮುಗಿದ ಮೇಲೆ ಬಂದವರು ಹೇಳಿದ್ದು, ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಕಾಫಿ ಬಿಡುವು ಅಂತ. ಹಾಗಿದ್ದರೆ ಕಾಫಿ ಬಿಡುವಿನ ಮಾತನ್ನೇ ಇಡೀ ಸಮ್ಮೇಳನ ಮಾಡಿದರೆ ಹೇಗೆ ಅಂತ ಅವರು ಯೋಚಿಸಿದರು. 1985ರಲ್ಲಿ ಓಪನ್ ಸ್ಪೇಸ್ ಅನ್ನುವ ಪದ್ಧತಿ ಶುರುವಾಯಿತು. ಇಪ್ಪತ್ತು ವರ್ಷದ ಮೇಲೆ, 2005ರ ಆಗಸ್ಟ್‌ನಲ್ಲಿ, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಇದೇ ಥರದ, ತಂತ್ರಜ್ಞಾನದವರ ಕೂಟವಾದ ಮೊದಲ ಬಾರ್‌ಕ್ಯಾಂಪ್ ನಡೆಯಿತು. ಅದರ ತಯಾರಿ ವಾರದೊಳಗೆ ಮುಗಿದಿತ್ತಂತೆ. ಮರುವರ್ಷವೇ ಬೆಂಗಳೂರಿಗೂ ಬಂತು.

ಕನ್ನಡ ಬ್ಲಾಗಿಗರು ಸೇರಿದ್ದೂ ಅದೇ ಕಾಲಕ್ಕೆ. 2008ರ ಮಾರ್ಚ್‌ನಲ್ಲಿ ಬಸವನಗುಡಿಯಲ್ಲಿ ಒಂದು ಸಭೆ ನಡೆದಿತ್ತು. ಆಗ ಬ್ಲಾಗು ಹೊಸದು. ಕನ್ನಡ ಟೈಪ್ ಮಾಡುವ ‘ಬರಹ’ ತಂತ್ರಾಂಶ 1998ರಲ್ಲೇ ಬಂದಿತ್ತು. ಯೂನಿಕೋಡ್ ಬಂದಮೇಲೆ ಫಾಂಟಿನ ಗೋಳು ತಪ್ಪಿತ್ತು. ಅಡ್ಡಹೆಸರಿನಲ್ಲಿ ಬರೆಯುತ್ತಿದ್ದವರ ಮುಖ ನೋಡುವ ಕುತೂಹಲ ಎಲ್ಲರಿಗೂ. ಆಮೇಲೆ ಫೇಸ್‌ಬುಕ್ ಬಂತು, ತುಂಬಾ ಜನ ಅಲ್ಲಿಗೆ ಹೋದರು. ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ಮುಚ್ಚಿತು. ಬ್ಲಾಗು ಹುಡುಕಿಕೊಂಡು ಹೋಗಿ ಓದುವ ಅಭ್ಯಾಸವೂ ಕಮ್ಮಿ ಆಯಿತು. ಆದರೆ ಬರೆಯುವವರು ಪೂರ್ತಿ ನಿಲ್ಲಿಸಲಿಲ್ಲ. ಸಣ್ಣ ಊರುಗಳಲ್ಲಂತೂ ಈಗಲೂ ಸದ್ದಿಲ್ಲದೆ ಬರೆಯುತ್ತಿದ್ದಾರೆ.

ಕೊಡಗಿನಲ್ಲಿ ಇಂಥದ್ದಕ್ಕೆ ದಿನ ಗೊತ್ತು ಮಾಡುವುದೇ ದೊಡ್ಡ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಯಾವ ರಸ್ತೆ ಮೇಲೆ ಯಾವಾಗ ಮರ ಬೀಳುತ್ತದೋ ಹೇಳೋಕಾಗಲ್ಲ. ಸೆಪ್ಟೆಂಬರ್ ಮೊದಲ ವಾರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್. ಆಮೇಲೆ ಮಡಿಕೇರಿ ದಸರಾ. ಅಕ್ಟೋಬರ್ ಮಧ್ಯದಲ್ಲಿ ತಲಕಾವೇರಿಯಲ್ಲಿ ಕಾವೇರಿ ತೀರ್ಥ ಉಕ್ಕುವ ತೀರ್ಥೋದ್ಭವ. ಭತ್ತದ ಸುಗ್ಗಿ ಹಬ್ಬ ಪುತ್ತರಿ ಬರುವ ಹೊತ್ತಿಗೆ ಅರೇಬಿಕಾ ಕಾಫಿ ಕುಯ್ಲು, ಅದು ಮುಗಿಯುವಾಗ ರೋಬಸ್ಟಾ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯಬೇಕು, ಇಲ್ಲವೇ ಸ್ಪ್ರಿಂಕ್ಲರ್ ಹಿಂದೆ ಓಡಬೇಕು. ಏಪ್ರಿಲ್, ಮೇ ಬಂತೆಂದರೆ ಮದುವೆ ಮತ್ತು ಹಾಕಿ. ಉಳಿಯೋದು ತೀರ್ಥೋದ್ಭವ ಕಳೆದು ಪುತ್ತರಿ ಬರುವವರೆಗಿನ ಕೆಲವು ಭಾನುವಾರ. ಆ ಕಿಂಡಿಯಲ್ಲೇ ನಾವು ಒಂದನ್ನು ಹಿಡಿದೆವು. ಹೊರಗಿನಿಂದ ಬಂದು ಕೊಡಗಿನಲ್ಲಿ ಕಾರ್ಯಕ್ರಮ ಮಾಡುವವರು ಜನವರಿಯಲ್ಲಿ ಇಟ್ಟುಕೊಂಡು ಸ್ಥಳೀಯರು ಬರಲಿಲ್ಲ ಅನ್ನುತ್ತಾರೆ. ಜನವರಿಯಲ್ಲಿ ಸ್ಥಳೀಯರು ಕಣದಲ್ಲಿ ಕಾಫಿ ಹರಡುತ್ತಿರುತ್ತಾರೆ.

ಸಮಯವೂ ಹಾಗೆಯೇ. ಬೆಳಗ್ಗೆ ಹತ್ತಕ್ಕೆ ಶುರು, ಮೂರೂವರೆಗೆ ಮುಕ್ತಾಯ. ಸಿದ್ದಾಪುರ, ತಿತಿಮತಿ ಕಡೆಯವರು ಕತ್ತಲಾಗುವ ಮೊದಲು ಮನೆ ಸೇರಬೇಕು, ರಸ್ತೆಗೆ ಆನೆ ಬರುತ್ತದೆ. ಮನೆಯಲ್ಲಿ ಮಕ್ಕಳನ್ನೋ ಹಿರಿಯರನ್ನೋ ಬಿಟ್ಟು ಬಂದ ಹೆಣ್ಣುಮಕ್ಕಳಿಗೂ ಅದೇ ಹೊತ್ತು ಸರಿ. ಸಂಜೆ ಆರಕ್ಕೆ ಮುಗಿಸಿದರೆ ಬರೋದು ಗಂಡಸರು ಮಾತ್ರ, ಅದರಲ್ಲೂ ಕಾರು ಇರುವವರು. ಇದನ್ನು ನಮಗೆ ಮೊದಲೇ ತಿಳಿಸಿದ್ದು ಒಬ್ಬ ಹೆಣ್ಣುಮಗಳು. ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಬಂದವರಲ್ಲಿ ಸರಿಸುಮಾರು ಅರ್ಧ ಹೆಂಗಸರೇ ಇದ್ದರು.

ಸೇರಿದ್ದು ಮಡಿಕೇರಿಯ ಒಂದು ತರಗತಿ ಕೋಣೆಯಲ್ಲಿ. ದೀಪ ಹಚ್ಚಲಿಲ್ಲ, ಹಾರ ಇಲ್ಲ, ಶಾಲು ಇಲ್ಲ. ನನಗೆ ದೊಡ್ಡ ಸಮ್ಮೇಳನಗಳ ಮೇಲೆ ಗೌರವ ಇದೆ. ಮಡಿಕೇರಿಯಲ್ಲಿ ಮೂರು ಸಲ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಿದೆ. 1932ರಲ್ಲಿ ಡಿ.ವಿ.ಜಿ., 1981ರಲ್ಲಿ ಶಂ.ಬಾ. ಜೋಶಿ, 2014ರಲ್ಲಿ ನಾ. ಡಿಸೋಜ ಅಧ್ಯಕ್ಷರಾಗಿದ್ದರು. 1932ರಲ್ಲಿ ಕೊಡಗು ಇನ್ನೂ ಬ್ರಿಟಿಷರ ಕೈಯಲ್ಲಿದ್ದ ಬೇರೆಯೇ ಪ್ರಾಂತ್ಯ. ಅಂಥ ಹೊತ್ತಲ್ಲಿ ಇಲ್ಲಿ ಕನ್ನಡದ ಸಭೆ ಸೇರಿದ್ದು ಸಣ್ಣ ವಿಷಯ ಅಲ್ಲ. ಅಲ್ಲಿನ ಪುಸ್ತಕ ಮಳಿಗೆಗಳ ಮುಂದೆ ನಿಂತು ಕಳೆದ ಹೊತ್ತು ಎಷ್ಟು ಜನರನ್ನು ಓದುಗರನ್ನಾಗಿ ಮಾಡಿದೆಯೋ. ಆದರೆ ಅಲ್ಲಿ ವೇದಿಕೆ ಮೇಲೆ ಕೂರುವವರು ಯಾರು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ತೋಟದ ಹಕ್ಕಿ ಬಗ್ಗೆ ಬರೆಯುವವರು ಅಲ್ಲಿ ಮೈಕ್ ಹತ್ತಿರ ಹೋಗುವ ಪ್ರಮೇಯವೇ ಇಲ್ಲ.

ಓಪನ್ ಸ್ಪೇಸ್‌ನಲ್ಲಿ ಒಂದು ನಿಯಮ ಇದೆ. ಕೂತ ಜಾಗದಲ್ಲಿ ನಿನಗೆ ಕಲಿಯೋದೂ ಇಲ್ಲ, ಕೊಡೋದೂ ಇಲ್ಲ ಅನಿಸಿದರೆ ಎದ್ದು ಬೇರೆ ಗುಂಪಿಗೆ ಹೋಗು. ಅದಕ್ಕೆ ಎರಡು ಕಾಲಿನ ನಿಯಮ ಅಂತಾರೆ. ನಮ್ಮಲ್ಲಿ ಇದು ನಡೆಯುತ್ತದಾ ಅಂತ ನನಗೆ ಅನುಮಾನ ಇತ್ತು. ಒಬ್ಬರು ಮಾತಾಡುವಾಗ ನಡುವೆ ಎದ್ದು ಹೋದರೆ ಅವಮಾನ ಮಾಡಿದ ಹಾಗೆ, ಅಲ್ವಾ? ಮೊದಲ ಅರ್ಧ ಗಂಟೆ ಯಾರೂ ಅಲುಗಲಿಲ್ಲ. ಆಮೇಲೆ ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತು, ಮಾತಾಡುತ್ತಿದ್ದ ಹುಡುಗನಿಗೆ ಕೈ ಮುಗಿದು, "ನಾನು ಆ ಮೂಲೆಗೆ ಹೋಗ್ತೀನಪ್ಪ, ಅಲ್ಲಿ ಮಳೆ ಲೆಕ್ಕ ನಡೀತಿದೆ" ಅಂದರು. ಹುಡುಗ ನಕ್ಕು ತಾನೂ ಅವರ ಹಿಂದೆಯೇ ಹೋದ. ಹಿರಿಯರೇ ಎದ್ದ ಮೇಲೆ ಇನ್ನೇನು, ಎಲ್ಲರ ಕಾಲಿಗೂ ಬಿಡುಗಡೆ ಸಿಕ್ಕಿತು.

ಆ ಮಳೆ ಲೆಕ್ಕದ ಮೂಲೆಯೇ ಆ ದಿನದ ದೊಡ್ಡ ಗಳಿಕೆ. ಕೊಡಗಿನಲ್ಲಿ ಇಬ್ಬರು ಭೇಟಿಯಾದರೆ ಬರುವ ಮೊದಲ ಪ್ರಶ್ನೆ "ನಿಮ್ಮಲ್ಲಿ ಎಷ್ಟು ಇಂಚು?" ತೋಟದ ಮನೆಗಳಲ್ಲಿ ಅಂಗಳದ ಮೂಲೆಗೊಂದು ಮಳೆಮಾಪಕ ಇರುತ್ತದೆ. ಬೆಳಗ್ಗೆ ಎದ್ದು ಅದನ್ನು ಅಳೆದು ಬರೆದಿಟ್ಟ ಮೇಲೇ ಕಾಫಿ. ಭಾಗಮಂಡಲದ ಕಡೆ ಸುರಿಯುವ ಮಳೆಗೂ ಕುಶಾಲನಗರದ ಕಡೆ ಬೀಳುವ ಮಳೆಗೂ ಅಜಗಜಾಂತರ. ಒಂದು ಬೆಟ್ಟ ದಾಟಿದರೆ ಲೆಕ್ಕವೇ ಬೇರೆ.

ಒಬ್ಬ ಹಿರಿಯ ಬೆಳೆಗಾರರು ತಮ್ಮ ಮನೆಯ ಪುಸ್ತಕ ತಂದಿದ್ದರು. ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ಬೆನ್ನು, ಮೂಲೆಗಳನ್ನು ಗೆದ್ದಲು ಸ್ವಲ್ಪ ತಿಂದಿದೆ. ಮೊದಲ ಹಾಳೆಗಳಲ್ಲಿ ಅವರ ತಂದೆಯ ಕೈಬರಹ, ನೀಲಿ ಶಾಯಿ, ಇಂಗ್ಲಿಷ್ ಅಂಕಿ. ಆಮೇಲೆ ಇವರ ಕೈಬರಹ ಶುರು. ಎಡಗಡೆ ತಾರೀಕು, ಮಧ್ಯೆ ಇಂಚು ಮತ್ತು ಸೆಂಟು, ಬಲಗಡೆ ಒಂದೋ ಎರಡೋ ಪದದ ಷರಾ. ಹೂ ಬಂತು. ಗಾಳಿ ಜೋರು. ಹಳ್ಳ ತುಂಬಿತು. ದನ ಸಿಗಲಿಲ್ಲ. 2018ರ ಆಗಸ್ಟ್‌ನ ಹಾಳೆಯನ್ನು ಅವರು ತೆರೆದಾಗ ಸುತ್ತ ಇದ್ದವರು ಇನ್ನೂ ಹತ್ತಿರ ಬಾಗಿದರು. ಅಂಕಿಗಳು ಆ ವಾರ ಪೆನ್ಸಿಲ್‌ನಲ್ಲಿವೆ. ಒಂದು ದಿನದ ಷರಾ ಜಾಗದಲ್ಲಿ ಬೆಟ್ಟದಲ್ಲಿ ಸದ್ದು ಅಂತ ಇದೆ. ಮರುದಿನದ್ದು ಖಾಲಿ. ಆ ದಿನ ಅವರು ಮನೆ ಬಿಟ್ಟು ಹೊರಟಿದ್ದರು.

ಆ ವರ್ಷ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಕುಸಿದದ್ದು ಎಲ್ಲರಿಗೂ ಗೊತ್ತು. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆ ಅಳೆಯುವ ಯಂತ್ರಗಳಿವೆ. ಆದರೆ ಒಂದು ಕಣಿವೆಯ ಐವತ್ತು ಅರವತ್ತು ವರ್ಷದ ಲೆಕ್ಕ ಬೇಕು ಅಂದರೆ ಇಂಥ ಮನೆಗಳನ್ನೇ ಕೇಳಬೇಕು. ಆ ಹಿರಿಯರು ಕೆಲವು ಹಾಳೆಗಳನ್ನು ಟೈಪ್ ಮಾಡಿ ತಮ್ಮ ಬ್ಲಾಗಿಗೆ ಹಾಕಿದ್ದರು. ಯಾರೂ ನೋಡಿದ ಹಾಗೆ ಕಾಣಲಿಲ್ಲ, ಹಾಗಾಗಿ ನಿಲ್ಲಿಸಿದ್ದೆ ಅಂದರು. ಪೊನ್ನಂಪೇಟೆಯ ಒಬ್ಬ ವಿದ್ಯಾರ್ಥಿನಿ ಮಾತು ಮುಗಿಯುವ ಮೊದಲೇ ಕಿಟಕಿ ಹತ್ತಿರ ಬೆಳಕಿಗೆ ಪುಸ್ತಕ ಹಿಡಿದು ಒಂದೊಂದೇ ಹಾಳೆಯ ಫೋಟೋ ತೆಗೆಯೋಕೆ ಶುರು ಮಾಡಿದಳು. ಸುಂಟಿಕೊಪ್ಪದವರೊಬ್ಬರು ನಮ್ಮ ಮನೆಯಲ್ಲೂ ಇದೆ ಅಂದರು. ಚೆಟ್ಟಳ್ಳಿಯವರು ನಮ್ಮಲ್ಲಿ ಅತ್ತೆ ಬರೆದದ್ದು ಇದೆ ಅಂದರು. ಒಂದೇ ಪುಸ್ತಕ ಇದ್ದರೆ ಅದು ಒಂದು ಮನೆಯ ನೆನಪು. ಐದಾರು ಕಣಿವೆಯ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟರೆ ಯಾವ ಬೆಟ್ಟದ ಮೇಲೆ ಎಷ್ಟು ದಿನ ನೀರು ನಿಂತಿತ್ತು ಅಂತ ಕೇಳುವ ಶಕ್ತಿ ಬರುತ್ತದೆ. ಆ ಕೆಲಸ ಈಗ ನಡೆಯುತ್ತಿದೆ, ನಿಧಾನವಾಗಿ.

ಇನ್ನೊಂದು ಗುಂಪಿನಲ್ಲಿ ಜಗಳವೇ ಆಯಿತು. ಒಳ್ಳೆಯ ಜಗಳ. ನಮ್ಮೂರ ಹಿಂದಿನ ಜಲಪಾತದ ಬಗ್ಗೆ ಬರೆದರೆ ದಾರಿ ಹೇಳಬೇಕೋ ಬೇಡವೋ? ಹೇಳಿದರೆ ಮುಂದಿನ ಶನಿವಾರವೇ ಜೀಪುಗಳು, ಬಾಟಲಿಗಳು. ಈಜು ಬಾರದವರು ಬಂಡೆ ಜಾರಿ ಸತ್ತ ಉದಾಹರಣೆಗಳೂ ಇವೆ. ಹೇಳದಿದ್ದರೆ ಹೋಂಸ್ಟೇ ನಡೆಸಿ ಸಾಲ ತೀರಿಸುತ್ತಿರುವ ಮನೆಯವರ ಹೊಟ್ಟೆಪಾಡು? ಅಬ್ಬಿ, ರಾಜಾಸೀಟ್, ದುಬಾರೆ, ಮಾಂದಲಪಟ್ಟಿ ಬಗ್ಗೆ ಬರೆಯೋಕೆ ಜಗತ್ತೇ ಇದೆ. ನಾವು ಬರೆಯಬೇಕಾದ್ದು ಬೇರೆ ಅಂತ ನನ್ನ ಅಭಿಪ್ರಾಯ, ಅದನ್ನು ಅಲ್ಲೂ ಹೇಳಿದೆ. ಎಲ್ಲರೂ ಒಪ್ಪಲಿಲ್ಲ. ಹೋಂಸ್ಟೇ ನಡೆಸುವ ಒಬ್ಬಾಕೆ, ನಿಮಗೆ ಸಂಬಳ ಬರುತ್ತೆ, ನನಗೆ ಶನಿವಾರ ಬಂದರೆ ಮಾತ್ರ ದುಡ್ಡು ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಆದರೆ ಆಕೆ ಮತ್ತು ನಾನು ಈಗ ಒಬ್ಬರ ಬರಹ ಇನ್ನೊಬ್ಬರು ಓದುತ್ತೇವೆ.

ಭಾಷೆಯ ಗುಂಪು ಊಟದ ಹೊತ್ತನ್ನೂ ನುಂಗಿತು. ಕೊಡವ ತಕ್ಕ್‌ನಲ್ಲಿ ಕನ್ನಡದಲ್ಲಿಲ್ಲದ ಸ್ವರಗಳಿವೆ. ಕನ್ನಡ ಲಿಪಿಯಲ್ಲಿ ಬರೆದಾಗ ಅವು ಕಾಣೆಯಾಗುತ್ತವೆ. ಮನೆಮಾತಿನವರು ಊಹಿಸಿ ಓದಿಕೊಳ್ಳುತ್ತಾರೆ, ಬೆಂಗಳೂರಲ್ಲಿ ಬೆಳೆದ ಮಕ್ಕಳಿಗೆ ಆಗಲ್ಲ. ಒಬ್ಬೊಬ್ಬರು ಒಂದೊಂದು ಗುರುತು ಹಾಕಿಕೊಂಡು ಬರೆಯುತ್ತಿದ್ದಾರೆ. ಯುನೆಸ್ಕೋ ಪಟ್ಟಿಯಲ್ಲಿ ಅಪಾಯದಲ್ಲಿದೆ ಅಂತ ಗುರುತಿಸಿದ ಭಾಷೆಗೆ ಹೀಗೆ ಹತ್ತು ಕಡೆ ಹತ್ತು ಬರವಣಿಗೆ ಆದರೆ ಹುಡುಕೋದೂ ಕಷ್ಟ, ಕಲಿಯೋದೂ ಕಷ್ಟ. ನಡಿಕೇರಿಯಂಡ ಚಿಣ್ಣಪ್ಪ ಅವರು ಮನೆ ಮನೆ ಸುತ್ತಿ ಕೂಡಿಸಿದ ಹಾಡುಗಳು 1924ರಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚಾದವು. ನೂರು ವರ್ಷದ ಮೇಲೂ ಅದೇ ಲಿಪಿಯನ್ನು ಹೇಗೆ ಒಗ್ಗಿಸಿಕೊಳ್ಳೋದು ಅಂತ ಮಾತಾಡುತ್ತಿದ್ದೇವೆ. ಅರೆಭಾಷೆಯಲ್ಲಿ ಬರೆಯುವ ಒಬ್ಬರ ಕಷ್ಟ ಇನ್ನೂ ಬೇರೆ. ಓದಿದವರು ಅದನ್ನು ತಪ್ಪು ಕನ್ನಡ ಅಂದುಕೊಂಡು ತಿದ್ದಿ ಕಳಿಸುತ್ತಾರಂತೆ. ಪ್ರೀತಿಯಿಂದಲೇ ಕಳಿಸುತ್ತಾರೆ, ಆದರೆ ಬರೆಯೋ ಕೈ ನಿಂತುಹೋಗುತ್ತದೆ ಅಂದರು. ಆ ಕೋಣೆಯಲ್ಲಿ ಮೊದಲ ಸಲ ಅವರು ತಮ್ಮ ಬರಹವನ್ನು ಗಟ್ಟಿಯಾಗಿ ಓದಿದರು. ಅರ್ಥ ಆಗದ ಒಂದೆರಡು ಪದಕ್ಕೆ ನಾವೇ ಕೇಳಿದೆವು, ಅವರು ಹೇಳಿದರು. ಅಷ್ಟೇ ಬೇಕಿದ್ದದ್ದು.

ಊಟ ಅಂದೆನಲ್ಲ, ಎಲ್ಲರೂ ಮನೆಯಿಂದ ತಂದದ್ದು. ಅಕ್ಕಿ ರೊಟ್ಟಿ, ಎಳ್ಳು ಪಜ್ಜಿ, ನೂಪುಟ್ಟು, ಒಬ್ಬರು ಪತ್ತಿರಿ ತಂದಿದ್ದರು.

ಅಡ್ಡಹೆಸರಿನಲ್ಲಿ ಬರೆಯುವ ಹೆಣ್ಣುಮಕ್ಕಳ ಬಗ್ಗೆ ಸ್ವಲ್ಪ ಹೇಳಬೇಕು. ಬಂದವರಲ್ಲಿ ಕೆಲವರು ಮೊದಲೇ ಕೇಳಿಕೊಂಡಿದ್ದರು, ನನ್ನ ನಿಜ ಹೆಸರು ಯಾರಿಗೂ ಹೇಳಬೇಡಿ, ಫೋಟೋ ಬೇಡ. ಹಾಗಾಗಿ ಎದೆಗೆ ಚೀಟಿ ಅಂಟಿಸಿಕೊಳ್ಳುವವರು ತಮಗೆ ಬೇಕಾದ ಹೆಸರನ್ನೇ ಬರೆದುಕೊಂಡರು. ಗುಂಪು ಫೋಟೋ ತೆಗೆಯಲೇ ಇಲ್ಲ. ಇದು ಈ ನೆಲಕ್ಕೆ ಹೊಸದೇನೂ ಅಲ್ಲ. ಕೊಡಗಿನ ಗೌರಮ್ಮ ಸುಂಟಿಕೊಪ್ಪದ ಹತ್ತಿರ ತೋಟದ ಮನೆಯಲ್ಲಿ ಕೂತು ಕಥೆ ಬರೆಯುತ್ತಿದ್ದಾಗ ಹಾಕಿಕೊಳ್ಳುತ್ತಿದ್ದ ಹೆಸರು ಮಿಸೆಸ್ ಬಿ.ಟಿ.ಜಿ. ಕೃಷ್ಣ. ಅವರು ತೀರಿಕೊಂಡದ್ದು 1939ರಲ್ಲಿ, ಇನ್ನೂ ಇಪ್ಪತ್ತೇಳರ ವಯಸ್ಸು. ಅಷ್ಟರೊಳಗೆ ಧಾರವಾಡದ ಬೇಂದ್ರೆಯವರ ತನಕ ಅವರ ಗೆಳೆತನ ಹಬ್ಬಿತ್ತು. ಬೇಂದ್ರೆ ಗೌರಮ್ಮನವರನ್ನು ತಂಗಿ ಅಂದರು, ಆಕೆ ಹೋದಮೇಲೆ ಕವಿತೆ ಬರೆದರು. ಫೋನೂ ಇಲ್ಲದ ಕಾಲದಲ್ಲಿ, ತೋಟದ ಮಧ್ಯೆ ಇದ್ದ ಒಬ್ಬ ಹೆಣ್ಣುಮಗಳಿಗೆ ಬರೆಯುವವರ ನಂಟು ಎಷ್ಟು ಬೇಕಾಗಿತ್ತು ಅಂತ ಯೋಚಿಸಿದಾಗ ನನಗೆ ಗಂಟಲು ಕಟ್ಟುತ್ತದೆ. ಅಂಥ ನಂಟು ಈಗ ಸುಲಭ ಅಂತ ನಾವು ಅಂದುಕೊಂಡಿದ್ದೇವೆ. ಆದರೆ ಆ ದಿನ ಒಬ್ಬಾಕೆ ಹೇಳಿದ್ದು, ಏಳು ವರ್ಷದಿಂದ ಬರೀತಿದ್ದೀನಿ, ನನ್ನ ಬರಹದ ಬಗ್ಗೆ ಒಬ್ಬರು ಎದುರು ಕೂತು ಮಾತಾಡಿದ್ದು ಇವತ್ತೇ ಮೊದಲು.

ಬಾರದವರೂ ಇದ್ದಾರೆ. ಇಲ್ಲಿನ ಬುಡಕಟ್ಟಿನವರಾದ ಯರವರ, ಜೇನುಕುರುಬರ ಮಕ್ಕಳಲ್ಲಿ ಮೊಬೈಲ್‌ನಲ್ಲಿ ಚಂದ ಚಂದದ ವಿಡಿಯೋ ಮಾಡುವವರಿದ್ದಾರೆ, ಹಾಡು ಹಾಕುವವರಿದ್ದಾರೆ. ಒಬ್ಬರೂ ಬರಲಿಲ್ಲ. ತೋಟದ ಲೈನ್ ಮನೆಗಳಲ್ಲಿ ಇರುವ ಕೂಲಿಯವರೂ ಬರಲಿಲ್ಲ. ಬಂದವರೇ ಸರಿಯಾದವರು ಅಂತ ಓಪನ್ ಸ್ಪೇಸ್‌ನಲ್ಲಿ ಒಂದು ಮಾತಿದೆ. ಅದು ಬಂದವರಿಗೆ ಧೈರ್ಯ ಕೊಡಲು ಹೇಳಿದ್ದು, ನನಗೆ ಗೊತ್ತು. ಆದರೆ ಕೊಡಗಿನಲ್ಲಿ ಆ ಮಾತಿಗೆ ನಾನು ಪೂರ್ತಿ ತಲೆಬಾಗಲಾರೆ. ಇಲ್ಲಿ ಬಾರದವರು ಯಾಕೆ ಬರಲಿಲ್ಲ ಅಂತ ಕೇಳಲೇಬೇಕು. ಭಾನುವಾರದ ಸಂತೆ ಇರಬಹುದು, ಬಸ್ ಚಾರ್ಜ್ ಇರಬಹುದು, ಸಾಹುಕಾರರು ಕೂರುವ ಕೋಣೆಗೆ ನಾವು ಯಾಕೆ ಅನ್ನುವ ಹಿಂಜರಿಕೆಯೂ ಇರಬಹುದು. ಅವರಿರುವ ಕಡೆಗೆ ನಾವೇ ಹೋಗಬೇಕು.

ಅದಕ್ಕೆ ದಾರಿ ನಮ್ಮಲ್ಲೇ ಇದೆ. ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದಾಗ 60 ಕುಟುಂಬಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆ ಆಯಿತು. ಹಬ್ಬ ಒಬ್ಬರ ಕೈಯಲ್ಲೇ ಇದ್ದಿದ್ದರೆ ಇಷ್ಟು ಬೆಳೆಯುತ್ತಿರಲಿಲ್ಲ ಅಂತ ನನಗನಿಸುತ್ತದೆ. ಪ್ರತಿ ವರ್ಷ ಬೇರೆ ಬೇರೆ ಕುಟುಂಬ ಅದನ್ನು ಹೊತ್ತುಕೊಳ್ಳುತ್ತದೆ. ಹೊತ್ತವರ ಹೆಸರೇ ಆ ವರ್ಷದ ಕಪ್ಪಿಗೆ. ಬ್ಲಾಗಿಗರ ಕೂಟವೂ ಹೀಗೆ ತಿರುಗಬೇಕು ಅಂತ ನಾವು ತೀರ್ಮಾನ ಮಾಡಿದೆವು. ಪ್ರತಿ ಸಲ ಬೇರೆ ಊರು, ಬೇರೆ ಮನೆಯವರು. ಖಾಯಂ ಅಧ್ಯಕ್ಷರು ಬೇಡ. ಸಂಘ ನೋಂದಾಯಿಸೋಣ ಅಂತ ಒಂದಿಬ್ಬರು ಹೇಳಿದರು, ನಾನು ಬೇಡ ಅಂದೆ. ಒಂದು ರೆಸಾರ್ಟಿನವರು ಜಾಗ, ಊಟ ಎಲ್ಲ ಕೊಡುತ್ತೇವೆ ಅಂದಿದ್ದಾರೆ. ಅದಕ್ಕೂ ನನ್ನ ಮತ ಬೇಡ ಅಂತಲೇ. ಜಲಪಾತದ ಜಗಳವನ್ನು ರೆಸಾರ್ಟಿನ ಊಟ ಉಂಡು ಆಡೋಕಾಗಲ್ಲ.

ಸೇರಿದ್ದರಿಂದ ಕೈಗೆ ಸಿಕ್ಕಿದ್ದು ಒಂದು ಹೆಸರುಗಳ ಪಟ್ಟಿ. ಸುಮ್ನೆ ಪಟ್ಟಿ ಅನ್ನಬೇಡಿ. 2018ರಲ್ಲಿ ಮಡಿಕೇರಿ ಮಂಗಳೂರು ಹೆದ್ದಾರಿ ಮುಚ್ಚಿದಾಗ ವಾಟ್ಸಾಪಿನಲ್ಲಿ ಬಂದ ಧ್ವನಿ ಸಂದೇಶಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ಗೊತ್ತಾಗದೆ ಎಷ್ಟು ಮನೆಗಳು ನಿದ್ದೆ ಕೆಟ್ಟಿದ್ದವು. ಈಗ ಆ ಬೆಟ್ಟದ ಬುಡದಲ್ಲಿ ಏನಾಗಿದೆ ಅಂತ ಅಲ್ಲೇ ಇರುವ, ಮುಖ ನೋಡಿದ, ಜೊತೆಗೆ ರೊಟ್ಟಿ ತಿಂದ ಒಬ್ಬರನ್ನು ಕೇಳಬಹುದು. ಅವರಿಗೆ ಖಾತ್ರಿ ಇಲ್ಲದಿದ್ದರೆ ಖಾತ್ರಿ ಇಲ್ಲ ಅಂತಲೇ ಹೇಳುತ್ತಾರೆ. ಇನ್ನೊಂದು ಕೆಲಸವೂ ಶುರುವಾಗಿದೆ. ತೀರಿಕೊಂಡವರ, ಬರೆಯೋದು ಬಿಟ್ಟವರ ಬ್ಲಾಗುಗಳು ಯಾವ ದಿನ ಮಾಯವಾಗುತ್ತವೋ ಗೊತ್ತಿಲ್ಲ. ಫೇಸ್‌ಬುಕ್ ಥರದ್ದೇ ತಾಣ ಆರ್ಕುಟ್ 2014ರಲ್ಲಿ ಮುಚ್ಚಿದಾಗ ಎಷ್ಟು ಕನ್ನಡ ಮಾತು ಹೋಯಿತು, ನೆನಪಿದೆಯಲ್ಲ. ನಾವು ಒಬ್ಬೊಬ್ಬರು ಇಬ್ಬರು ಮೂವರ ಬರಹಗಳ ಜವಾಬ್ದಾರಿ ತೆಗೆದುಕೊಂಡಿದ್ದೇವೆ. ಮನೆಯವರ ಒಪ್ಪಿಗೆ ಪಡೆದು ಪ್ರತಿ ಇಳಿಸಿಕೊಳ್ಳೋದು, ಹಳೆಯ ವೆಬ್ ಪುಟಗಳನ್ನು ಕಾಪಿಡುವ ಇಂಟರ್‌ನೆಟ್ ಆರ್ಕೈವ್‌ಗೂ ಸೇರಿಸೋದು.

ಮುಂದಿನ ಸಲ ಸೋಮವಾರಪೇಟೆ ಕಡೆಯವರು ಹೊತ್ತುಕೊಂಡಿದ್ದಾರೆ. ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಒಂದು ಶಾಲೆಯನ್ನು ಕೇಳಿಟ್ಟಿದ್ದಾರೆ. ಅದಕ್ಕೂ ಮೊದಲು ತಿತಿಮತಿ ಕಡೆಯ ಒಂದು ಹಾಡಿಗೆ, ಅಂದರೆ ಬುಡಕಟ್ಟಿನವರ ಕೇರಿಗೆ, ಕೆಲವರು ಹೋಗುತ್ತಿದ್ದೇವೆ, ಅಲ್ಲಿನ ಹುಡುಗರು ಕರೆದಿದ್ದಾರೆ, ಅವರ ವಿಡಿಯೋಗಳನ್ನು ನೋಡೋಕೆ. ನಾನು ಮುಂದಿನ ಸಲ ಗೋಡೆಗೆ ದೇವರಕಾಡಿನ, ಅಂದರೆ ದೇವರ ಹೆಸರಲ್ಲಿ ಊರವರು ಕಾಪಾಡಿದ ಕಾಡಿನ, ಚೀಟಿ ಅಂಟಿಸಬೇಕು ಅಂತಿದ್ದೇನೆ. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಒಬ್ಬೊಬ್ಬರು ತಮ್ಮೂರಿನ ಒಂದರ ಬಗ್ಗೆ ಬರೆದರೂ ಸಾಕು, ಯಾವ ಮರ ಇದೆ, ಯಾವ ದೇವರು, ಗಡಿ ಎಲ್ಲಿಂದ ಎಲ್ಲಿಗೆ. ನಮ್ಮೂರ ಕಾಡಿನ ಗಡಿಯನ್ನು ನಡೆದು ತೋರಿಸಬಲ್ಲ ಹಿರಿಯರು ಈಗ ಇಬ್ಬರೇ ಉಳಿದಿದ್ದಾರೆ. ಅವರನ್ನೂ ಕರೆದುಕೊಂಡು ಬರಬೇಕು. ಒಬ್ಬರು ಆಗಲೇ ಒಪ್ಪಿದ್ದಾರೆ. ಇನ್ನೊಬ್ಬರು ಮೂರೂವರೆಗೆ ನಿಜವಾಗಿಯೂ ಮುಗಿಸ್ತೀರಾ ಅಂತ ಕೇಳಿದ್ದಾರೆ.